ಮೂಗಿನ ಸಾಕ್ಷ್ಯ: ಕೆಲವು ಟಿಪ್ಪಣಿಗಳು

ಮೆಡಿಕಲ್ ಶಾಪಿನ ಕೌಂಟರಿನ ಮುಂದೆ ಕಿವಿಗೆ ಬಿದ್ದ ಎರಡು ಮಾತು. ಐವತ್ತು ದಾಟಿದ ಒಬ್ಬರು: "ಒಟ್ರಿವಿನ್ ಕೊಡಪ್ಪ. ಎರಡು ಕೊಟ್ಬಿಡು, ಅದಿಲ್ಲದೆ ರಾತ್ರಿ ನಿದ್ದೆ ಬರಲ್ಲ." ಹುಡುಗ ಏನೂ ಕೇಳದೆ ಕೊಟ್ಟ. ಹಿಂದೆ ನಿಂತಿದ್ದ ಹೆಂಗಸು ಡಾಕ್ಟರ ಚೀಟಿ ಮುಂದಿಟ್ಟರು, ಮೊಮೆಟಸೋನ್ ಸ್ಪ್ರೇ ಬಂತು. ಡಬ್ಬಿ ತಿರುಗಿಸಿ ನೋಡಿ, "ಇದು ಸ್ಟೆರಾಯ್ಡ್ ಅಲ್ವಾ? ಬೇಡಪ್ಪ, ಮಾತ್ರೆ ಅಷ್ಟೇ ಕೊಡು" ಎಂದು ವಾಪಸು ತಳ್ಳಿದರು.

ಇಬ್ಬರ ಭಯವೂ ಧೈರ್ಯವೂ ಅದಲುಬದಲಾಗಿವೆ. ಮೂರರಿಂದ ಐದು ದಿನ ದಾಟಿ ಹಾಕಬಾರದ ಔಷಧಿಯನ್ನು ಒಬ್ಬರು ವರ್ಷವಿಡೀ ಹಾಕುತ್ತಿದ್ದಾರೆ. ಡಾಕ್ಟರು ಹೇಳಿದರೆ ತಿಂಗಳುಗಟ್ಟಲೆ ಹಾಕಬಹುದಾದ್ದನ್ನು ಇನ್ನೊಬ್ಬರು ಮುಟ್ಟಲೂ ಒಲ್ಲರು. ಹೀಗೇಕೆ ಎಂದು ಹುಡುಕುತ್ತ ಗೀಚಿಕೊಂಡಿದ್ದು ಮುಂದಿನದೆಲ್ಲ.

*

ಕಪಾಟಿನಲ್ಲಿ ಎಲ್ಲ ಸ್ಪ್ರೇಗಳೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಬಿಳಿ ಮೂತಿ. ಒಳಗಿರುವ ಔಷಧಿಗಳಿಗೆ ಮಾತ್ರ ಪರಸ್ಪರ ಯಾವ ನೆಂಟಸ್ತಿಕೆಯೂ ಇಲ್ಲ. ಒಟ್ರಿವಿನ್‌ನ ಕ್ಸೈಲೊಮೆಟಾಜೊಲಿನ್, ನ್ಯಾಸಿವಿಯಾನ್‌ನ ಆಕ್ಸಿಮೆಟಾಜೊಲಿನ್ ರಕ್ತನಾಳವನ್ನು ಕುಗ್ಗಿಸುತ್ತವೆ. ಫ್ಲುಟಿಕಾಸೋನ್, ಮೊಮೆಟಸೋನ್, ಬುಡೆಸೊನೈಡ್ ಸ್ಟೆರಾಯ್ಡುಗಳು, ಉರಿಯೂತವನ್ನೇ ತಗ್ಗಿಸುತ್ತವೆ. ಅಜೆಲಾಸ್ಟಿನ್ ಹಿಸ್ಟಮಿನ್‌ಗೆ ಅಡ್ಡ ನಿಲ್ಲುತ್ತದೆ. ಪಕ್ಕದಲ್ಲೇ ಬರೀ ಉಪ್ಪುನೀರಿನ ಬಾಟಲಿಯೂ ಕೂತಿರುತ್ತದೆ.

ಒಂದೇ ಬ್ರ್ಯಾಂಡಿನ ಹೆಸರಿನಡಿ ಉಪ್ಪುನೀರೂ ಸಿಗುತ್ತದೆ, ರಕ್ತನಾಳ ಕುಗ್ಗಿಸುವುದೂ ಸಿಗುತ್ತದೆ. ದೊಡ್ಡಕ್ಷರದಲ್ಲಿರುವುದು ಬ್ರ್ಯಾಂಡು, ಇರುವೆಯಷ್ಟು ಸಣ್ಣಕ್ಷರದಲ್ಲಿರುವುದು ಔಷಧಿ. "ಮೂಗಿನ ಸ್ಪ್ರೇ ಕೊಡಿ" ಎಂದು ಕೇಳುವ ಗಿರಾಕಿಗೆ ಏನು ಸಿಗುತ್ತದೆ ಎನ್ನುವುದು ಕೌಂಟರಿನ ಹುಡುಗನ ಕೈ ಯಾವುದಕ್ಕೆ ಮೊದಲು ಎಟುಕಿತು ಎನ್ನುವುದರ ಮೇಲೆ ನಿಂತಿದೆ.

*

ಸ್ಪ್ರೇ ಅಲ್ಲದಿದ್ದರೂ ವಿಕ್ಸ್ ಇನ್‌ಹೇಲರನ್ನು ಇಲ್ಲಿ ಸೇರಿಸಲೇಬೇಕು. ನನ್ನ ಗೊಂದಲ ಶುರುವಾಗಿದ್ದೇ ಅಲ್ಲಿಂದ. ಮೂಗಿಗೆ ಏರಿಸಿ ಒಮ್ಮೆ ಎಳೆದರೆ ಸಾಕು, "ಅಬ್ಬ, ಬಿಟ್ಟಿತು" ಎನಿಸುತ್ತದೆ. ಆದರೆ ಮೂಗಿನಲ್ಲಿ ಗಾಳಿ ಎಷ್ಟು ಹರಿಯುತ್ತದೆ ಎಂದು ಯಂತ್ರ ಹಿಡಿದು ಅಳೆದವರಿದ್ದಾರೆ. ಮೆಂಥಾಲ್ ಎಳೆಯುವ ಮೊದಲೂ ಆಮೇಲೂ ಹರಿವು ಅಷ್ಟೇ! ಮೆಂಥಾಲ್ ಮಾಡುವ ಕೆಲಸ ಒಂದೇ, ತಂಪನ್ನು ಗುರುತಿಸುವ ನರಗಳನ್ನು ಕೆಣಕುವುದು. ತಣ್ಣನೆಯ ಗಾಳಿ ಒಳಹೋಗುತ್ತಿದೆ ಎಂದು ಮಿದುಳು ನಂಬಿಬಿಡುತ್ತದೆ.

ಅಂದರೆ "ಮೂಗು ಬಿಟ್ಟಿತು" ಎಂಬ ಅನುಭವ ಬೇರೆ, ಮೂಗು ಬಿಡುವುದು ಬೇರೆ. ಹಾಗಿದ್ದ ಮೇಲೆ ಯಾವ ಸ್ಪ್ರೇ ಒಳ್ಳೆಯದು ಎಂದು ಮೂಗನ್ನೇ ಕೇಳಿ ಏನು ಪ್ರಯೋಜನ?

*

ಆಫೀಸಿನ ಗೆಳೆಯರೊಬ್ಬರು, ಶಿವಮೊಗ್ಗ ಕಡೆಯವರು. ದಿಂಬಿನ ಪಕ್ಕ ರಕ್ತನಾಳ ಕುಗ್ಗಿಸುವ ಸ್ಪ್ರೇಯ ಒಂದು ಬಾಟಲಿ, ಕಾರಿನಲ್ಲಿ ಒಂದು, ಆಫೀಸ್ ಡ್ರಾಯರಿನಲ್ಲಿ ಒಂದು. "ಸಿಗರೇಟು ಬಿಟ್ಟೆ ಮಾರಾಯ, ಇದನ್ನು ಬಿಡಲಿಕ್ಕೆ ಆಗ್ತಿಲ್ಲ" ಅಂತಾರೆ.

ಏನು ನಡೆಯುತ್ತದೆ ಎಂದು ಓದಿ ಬರೆದುಕೊಂಡಿದ್ದು: ಮೂಗಿನ ಒಳಗೋಡೆಯಿಂದ ಟರ್ಬಿನೇಟ್ ಎಂಬ ಏಣುಗಳು ಚಾಚಿಕೊಂಡಿರುತ್ತವೆ, ಅವುಗಳ ತುಂಬ ರಕ್ತನಾಳಗಳು. ಅಲರ್ಜಿಯಾದಾಗ ರಕ್ತ ತುಂಬಿ ಊದಿಕೊಂಡು ದಾರಿ ಮುಚ್ಚುತ್ತವೆ. ಕ್ಸೈಲೊಮೆಟಾಜೊಲಿನ್ ಆ ನಾಳಗಳನ್ನು ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ. ಇದು ಮೆಂಥಾಲಿನಂತೆ ಭ್ರಮೆಯಲ್ಲ, ದಾರಿ ನಿಜಕ್ಕೂ ತೆರೆಯುತ್ತದೆ. ತೊಂದರೆ ಶುರುವಾಗುವುದು ದಿನಗಳು ಕಳೆದ ಮೇಲೆ. ನಾಳಗಳು ಔಷಧಿಗೆ ಜಡವಾಗುತ್ತವೆ. ಪರಿಣಾಮ ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಊದುತ್ತವೆ. ಮತ್ತೆ ಸ್ಪ್ರೇ, ಮತ್ತೆ ಊತ, ನಡುವಿನ ಅವಧಿ ಮಾತ್ರ ಕಿರಿದಾಗುತ್ತ ಹೋಗುತ್ತದೆ. ವೈದ್ಯರು ಇದಕ್ಕೆ ರೈನೈಟಿಸ್ ಮೆಡಿಕಮೆಂಟೋಸಾ ಎನ್ನುತ್ತಾರೆ. ಹೊಸ ಸಂಗತಿಯೇನಲ್ಲ, ನ್ಯಾಫಜೊಲಿನ್ ಎಂಬ ಹಳೆಯ ಹನಿಮದ್ದಿನ ಕಾಲದಲ್ಲಿ, 1940ರ ದಶಕದಲ್ಲೇ ಗೊತ್ತಾಗಿತ್ತು.

ವಿಚಿತ್ರವೆಂದರೆ, ಆ ಹೊತ್ತಿಗೆ ಮೂಲ ಅಲರ್ಜಿ ಮಾಯವಾಗಿದ್ದರೂ ಮೂಗು ಕಟ್ಟಿಯೇ ಇರುತ್ತದೆ. ಗೆಳೆಯರಿಗಂತೂ ಪ್ರತಿದಿನದ ಅನುಭವವೇ ಪುರಾವೆ: "ಹಾಕಿದ್ರೆ ಬಿಡುತ್ತೆ, ಹಾಕದಿದ್ರೆ ಕಟ್ಟುತ್ತೆ. ಔಷಧಿ ಕೆಲಸ ಮಾಡ್ತಿದೆ ಅಂತ ಇನ್ನೇನು ಬೇಕು?" ವಾದದಲ್ಲಿ ತಪ್ಪು ಹುಡುಕುವುದು ಕಷ್ಟ.

ಬಿಡಿಸುವ ದಾರಿ ಇದೆ. ಇಎನ್‌ಟಿ ಡಾಕ್ಟರು ಸಾಮಾನ್ಯವಾಗಿ ಸ್ಟೆರಾಯ್ಡ್ ಸ್ಪ್ರೇ ಶುರುಮಾಡಿ, ನಾಳ ಬಿಗಿಯುವ ಸ್ಪ್ರೇಯನ್ನು ನಿಲ್ಲಿಸಲು ಹೇಳುತ್ತಾರೆ. ಎರಡೂ ಹೊಳ್ಳೆಯಲ್ಲಿ ಒಟ್ಟಿಗೆ ನಿಲ್ಲಿಸಲು ಆಗದವರಿಗೆ ಮೊದಲು ಒಂದು ಹೊಳ್ಳೆ, ಅದು ಸರಿಹೋದ ಮೇಲೆ ಇನ್ನೊಂದು. ಒಂದೆರಡು ವಾರ ಕಷ್ಟವಿದೆ. ಗೆಳೆಯರಿಗೆ ಹೇಳಿದ್ದೇನೆ. "ಮಾರ್ಚ್ ಕ್ಲೋಸಿಂಗ್ ಮುಗೀಲಿ" ಎಂದಿದ್ದಾರೆ. ಪ್ರತಿವರ್ಷವೂ ಒಂದು ಮಾರ್ಚ್ ಇರುತ್ತದೆ.

*

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎನ್ನುತ್ತಿದ್ದರು ನಮ್ಮಜ್ಜಿ. ಬೆಳಿಗ್ಗೆ ಎದ್ದು ಸಾಲಾಗಿ ಹದಿನೈದು ಸೀನುವವರ ಬಗ್ಗೆ ಶಾಸ್ತ್ರ ಮೌನ. ಅಜ್ಜನೋ ಡಬ್ಬಿಯಿಂದ ನಸ್ಯ ಏರಿಸಿ ಬೇಕೆಂದೇ ಸೀನುತ್ತಿದ್ದರು, ಆಮೇಲೆ ತಲೆ ಹಗುರಾಯಿತು ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಸೀನಿನ ಬಗ್ಗೆ ಎರಡು ಪಂಥ.

*

ಅತ್ತಿಗೆಯ ಫ್ಲುಟಿಕಾಸೋನ್ ಬಾಟಲಿ ದಸರಾಕ್ಕೆ ಕೊಂಡಿದ್ದು. ಯುಗಾದಿಗೂ ಅರ್ಧ ತುಂಬಿದೆ. "ಇದು ನಂಗೆ ಹಿಡಿಯಲ್ಲ ಕಣಪ್ಪ" ಎಂಬುದು ಅವರ ತೀರ್ಮಾನ.

ಲೆಕ್ಕ ಹಾಕಿದೆ. 120 ಸ್ಪ್ರೇಯ ಬಾಟಲಿ. ದೊಡ್ಡವರಿಗೆ ಶುರುವಿನಲ್ಲಿ ಹೇಳುವುದು ಪ್ರತಿ ಹೊಳ್ಳೆಗೆ ಎರಡು, ದಿನಕ್ಕೊಮ್ಮೆ. ಅಂದರೆ ದಿನಕ್ಕೆ ನಾಲ್ಕು, ತಿಂಗಳಿಗೆ ಬಾಟಲಿ ಖಾಲಿ. ಹಿಡಿತಕ್ಕೆ ಬಂದ ಮೇಲೆ ಪ್ರತಿ ಹೊಳ್ಳೆಗೆ ಒಂದಕ್ಕೆ ಇಳಿಸಿದರೂ ಎರಡು ತಿಂಗಳು. ಅರ್ಧ ವರ್ಷ ಬಂದಿದೆ ಎಂದರೆ ಅತ್ತಿಗೆ ಅದನ್ನು ಒಟ್ರಿವಿನ್ ಹಾಕುವಂತೆ, ಮೂಗು ಕಟ್ಟಿದಾಗ ಮಾತ್ರ ಹಾಕಿದ್ದಾರೆ.

ಸ್ಟೆರಾಯ್ಡ್ ಸ್ಪ್ರೇ ಹಾಗೆ ಕೆಲಸ ಮಾಡುವುದಿಲ್ಲ. ಅದು ಜೀವಕೋಶದ ಒಳಗೆ ಹೋಗಿ, ಉರಿಯೂತದ ಪದಾರ್ಥಗಳನ್ನು ತಯಾರಿಸುವ ಜೀನ್‌ಗಳ ಕೆಲಸವನ್ನೇ ತಗ್ಗಿಸಬೇಕು. ಒಂದಿಷ್ಟು ಪರಿಣಾಮ ಅರ್ಧ ದಿನದಲ್ಲಿ ಕಾಣಬಹುದು, ಪೂರ್ತಿ ಕಾಣಲು ಕೆಲವು ದಿನ, ಕೆಲವರಲ್ಲಿ ಎರಡು ವಾರ. ಹಾಕಿದ ಕ್ಷಣ ಮಾತ್ರ ಮೂಗಿಗೆ ಏನೂ ಆದಂತೆ ಅನಿಸುವುದಿಲ್ಲ. ತಂಪಿಲ್ಲ, "ಬಿಟ್ಟಿತು" ಎಂಬ ಕ್ಷಣವಿಲ್ಲ. ಗಂಟಲಲ್ಲಿ ಒಂದಿಷ್ಟು ಹನಿ ಇಳಿದಂತಾಗುತ್ತದೆ, ಅಷ್ಟೇ. ಇಂಥದ್ದಕ್ಕೆ ಎರಡು ವಾರ ನಿಷ್ಠೆಯಿಂದ ದುಡ್ಡು, ಸಮಯ ಕೊಡುವುದು ಯಾರಿಗೂ ಸುಲಭವಲ್ಲ. ಆದರೆ ಮೂಗು ಕಟ್ಟುವುದಕ್ಕೆ ನುಂಗುವ ಹಿಸ್ಟಮಿನ್-ವಿರೋಧಿ ಮಾತ್ರೆಗಿಂತ ಇದೇ ಮೇಲು ಎನ್ನುವುದರಲ್ಲಿ ವೈದ್ಯಕೀಯ ಮಾರ್ಗಸೂಚಿಗಳಿಗೆ ಭಿನ್ನಾಭಿಪ್ರಾಯವಿಲ್ಲ.

*

ಸ್ಟೆರಾಯ್ಡ್ ಎಂಬ ಹೆಸರಿನ ಭಯ. ಸ್ಟೆರಾಯ್ಡ್ ಮಾತ್ರೆಯಿಂದ ಮುಖ ಊದಿಕೊಂಡವರು, ಸಕ್ಕರೆ ಏರಿದವರು ಎಲ್ಲರ ಬಳಗದಲ್ಲೂ ಒಬ್ಬರಾದರೂ ಇರುತ್ತಾರೆ. ಭಯ ಸುಳ್ಳಲ್ಲ, ವಿಳಾಸ ತಪ್ಪಿದೆ. ಫ್ಲುಟಿಕಾಸೋನ್ ಪ್ರೊಪಿಯೊನೇಟ್ ದಿನದ ಪೂರ್ಣ ಪ್ರಮಾಣ 200 ಮೈಕ್ರೊಗ್ರಾಂ. ವರ್ಷವಿಡೀ ಒಂದು ದಿನವೂ ತಪ್ಪದೆ ಹಾಕಿದರೂ ಒಟ್ಟು 73 ಮಿಲಿಗ್ರಾಂ. ಅಸ್ತಮಾ ಕೆರಳಿದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಸಾಮಾನ್ಯವಾಗಿ ದಿನಕ್ಕೇ 40 ಮಿಲಿಗ್ರಾಂ. ಎರಡರ ಶಕ್ತಿ ಬೇರೆಬೇರೆ, ಮಿಲಿಗ್ರಾಂಗೆ ಮಿಲಿಗ್ರಾಂ ತೂಗುವುದು ಸರಿಯಲ್ಲ ಎಂದು ಇಲ್ಲೇ ಬರೆದಿಡುತ್ತೇನೆ. ಆದರೆ ಸ್ಪ್ರೇ ಕೆಲಸ ಮಾಡುವುದು ಮೂಗಿನಲ್ಲೇ, ನುಂಗಿದ ಪಾಲನ್ನು ಯಕೃತ್ತು ಒಡೆದುಹಾಕುತ್ತದೆ. ಫ್ಲುಟಿಕಾಸೋನ್, ಮೊಮೆಟಸೋನ್‌ಗಳಲ್ಲಿ ರಕ್ತ ಸೇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಬೆಕ್ಲೊಮೆಥಸೋನ್, ಬುಡೆಸೊನೈಡ್‌ನಂಥ ಹಳಬರದು ಇದಕ್ಕಿಂತ ಎಷ್ಟೋ ಹೆಚ್ಚು.

ತೊಂದರೆಯೇ ಇಲ್ಲವೆಂದಲ್ಲ. ಮೂಗು ಒಣಗುತ್ತದೆ, ಕೆಲವರಿಗೆ ರಕ್ತ ಜಿನುಗುತ್ತದೆ. ದೀರ್ಘಕಾಲ ಹಾಕುವ ಮಕ್ಕಳ ಎತ್ತರವನ್ನು ಆಗಾಗ ಅಳೆಯಬೇಕು, ಗ್ಲಾಕೋಮಾ ಇರುವವರು ಕಣ್ಣಿನ ಡಾಕ್ಟರಿಗೆ ತಿಳಿಸಬೇಕು.

ಅಮೆರಿಕದಲ್ಲಿ 2013ರಲ್ಲಿ ಟ್ರಯಾಮ್ಸಿನೊಲೋನ್ ಸ್ಪ್ರೇಯನ್ನೂ 2014ರಲ್ಲಿ ಫ್ಲುಟಿಕಾಸೋನ್ ಸ್ಪ್ರೇಯನ್ನೂ ಚೀಟಿಯಿಲ್ಲದೆ ಮಾರಲು ಬಿಟ್ಟರು. ಅದೇ ದೇಶದಲ್ಲಿ 2020ರಲ್ಲಿ ಮಾಂಟೆಲುಕಾಸ್ಟ್ ಮಾತ್ರೆಗೆ, ಮನಸ್ಸಿನ ಮೇಲಾಗುವ ಪರಿಣಾಮಗಳ ಕಾರಣಕ್ಕೆ, ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿ, ಮೂಗಿನ ಅಲರ್ಜಿಗೆ ಬೇರೆ ಔಷಧಿ ಫಲಿಸದಿದ್ದರೆ ಮಾತ್ರ ಕೊಡಿ ಎಂದರು. ನಮ್ಮಲ್ಲಿ "ಮಾತ್ರೆ ಸಾಕು" ಎಂದಾಗ ಚೀಟಿಯಲ್ಲಿ ಬರುವ ಮಾತ್ರೆ ಎಷ್ಟೋ ಸಲ ಮಾಂಟೆಲುಕಾಸ್ಟ್ ಮತ್ತು ಲೆವೊಸೆಟಿರಿಜಿನ್ ಸೇರಿದ್ದು. ಕೌಂಟರಿನಲ್ಲಿದ್ದ ಆ ಹೆಂಗಸಿಗೆ ಯಾವ ಮಾತ್ರೆ ಕೊಟ್ಟರೋ ನೋಡಲಿಲ್ಲ.

*

ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಸ್ಪ್ರೇಗೆ ಹೂವಿನ ವಾಸನೆ. ಅದರಲ್ಲಿರುವ ಫಿನೈಲ್ ಈಥೈಲ್ ಆಲ್ಕೊಹಾಲ್ ಗುಲಾಬಿಯ ಕಂಪಿನಲ್ಲೂ ಇರುವಂಥದ್ದು. ಹೂವಿನಿಂದ ಸೀನು ಬರುತ್ತದೆ ಎನ್ನುವವರ ಮೂಗಿಗೆ ಹೂವಿನ ಪರಿಮಳದ ಮದ್ದು! ಫ್ಲುಟಿಕಾಸೋನ್ ಫ್ಯೂರೋಯೇಟ್‌ನಲ್ಲಿ ಈ ವಾಸನೆಯಿಲ್ಲ. ಸ್ಟೆರಾಯ್ಡುಗಳ ನಡುವೆ ಫಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗುವುದಿಲ್ಲ. ವಾಸನೆ, ಗಂಟಲಿಗಿಳಿಯುವ ಹನಿ, ಬೆಲೆ ನೋಡಿ ಆರಿಸಿಕೊಂಡರೆ ಮೋಸವಿಲ್ಲ.

*

ಫೆಬ್ರವರಿಯಲ್ಲಿ ಬೆಂಗಳೂರು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಸೀನುವವರೆಲ್ಲ ಟಬೂಬಿಯಾ ಮರದ ಕಡೆ ಬೆರಳು ತೋರಿಸುತ್ತಾರೆ. ಕಣ್ಣಿಗೆ ಕಾಣುವ ಆರೋಪಿ ಅದೇ ತಾನೆ. ಆದರೆ ಹೀಗೆ ಮೆರೆಯುವ ಹೂಗಳು ನಂಬಿರುವುದು ಜೇನುಹುಳುವನ್ನು, ಅವುಗಳ ಪರಾಗ ಗಾಳಿಯಲ್ಲಿ ಹೆಚ್ಚು ಹಾರುವುದಿಲ್ಲ. ಅದೇ ಹೊತ್ತಿಗೆ ಹುಲ್ಲು, ಸರ್ವೆ ಮರ, ಖಾಲಿ ಸೈಟಿನ ತುಂಬ ನಿಂತ ಕಾಂಗ್ರೆಸ್ ಗಿಡ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಆ ಕಾಂಗ್ರೆಸ್ ಗಿಡವನ್ನು ತಿನ್ನಲೆಂದೇ 1980ರ ದಶಕದಲ್ಲಿ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿಗೆ ತಂದು ಬಿಟ್ಟಿದ್ದರು. ಗಿಡವೂ ಇದೆ, ಜೀರುಂಡೆಯೂ ಇದೆ. ಇನ್ನು ಹಾಸಿಗೆಯೊಳಗಿನ ಧೂಳಿನ ಹುಳಕ್ಕೆ ಋತುವೇ ಇಲ್ಲ.

ತಪ್ಪು ಆರೋಪಿಯನ್ನು ಹಿಡಿಯುವುದರಲ್ಲಿ ನಾವು ಮೊದಲಿಗರಲ್ಲ. ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ 1819ರಲ್ಲಿ ಈ ಕಾಯಿಲೆಯ ಮೊದಲ ಸ್ಪಷ್ಟ ವರ್ಣನೆ ಕೊಟ್ಟ. ವರ್ಣಿಸಿದ ರೋಗಿ ತಾನೇ. ಅಷ್ಟು ಸೂಕ್ಷ್ಮವಾಗಿ ತನ್ನ ಮೂಗು, ಕಣ್ಣುಗಳನ್ನು ಗಮನಿಸಿದವನೂ ದೂರಿದ್ದು ಬೇಸಿಗೆಯ ಬಿಸಿಲನ್ನು. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, ಆತನೂ ಸೀನುವವನೇ, 1873ರಲ್ಲಿ ಪರಾಗವೇ ಕಾರಣ ಎಂದು ತೋರಿಸಿದ. ಗಾಜಿನ ಚೂರಿಗೆ ಅಂಟು ಬಳಿದು ಗಾಳಿಗೊಡ್ಡಿ ಪರಾಗದ ಕಣ ಎಣಿಸಿದ, ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಬಿಟ್ಟು ಅಲ್ಲೂ ಎಣಿಸಿದ. ಅನುಭವಿಸಿದವರಿಬ್ಬರು, ಕಾರಣ ಸಿಕ್ಕಿದ್ದು ಎಣಿಸಿದವನಿಗೆ.

*

ಹಾಗಾದರೆ ಸ್ಪ್ರೇಗಳನ್ನು ಎಣಿಸುವುದು ಹೇಗೆ? ಪ್ರಯೋಗಗಳಲ್ಲಿ ಒಂದು ಅಂಕಪಟ್ಟಿ ಬಳಸುತ್ತಾರೆ. ಸೀನು, ತುರಿಕೆ, ಸೋರುವುದು, ಕಟ್ಟುವುದು. ಒಂದೊಂದಕ್ಕೆ 0ಯಿಂದ 3, ಒಟ್ಟು 12. ವಿಯೆನ್ನಾದಲ್ಲಿ ಇದಕ್ಕೆಂದೇ ಒಂದು ಕೋಣೆಯಿದೆ. ಅಲರ್ಜಿಯವರನ್ನು ಒಳಗೆ ಕೂರಿಸಿ, ಅಳೆದ ಪ್ರಮಾಣದಲ್ಲಿ ಹುಲ್ಲಿನ ಪರಾಗ ಬಿಟ್ಟು, ಗಂಟೆಗಟ್ಟಲೆ ಅಂಕ ಬರೆಸುತ್ತಾರೆ. ಇದಕ್ಕೂ ಒಪ್ಪಿ ಹೋಗಿ ಕೂರುವ ಜನ ಇದ್ದಾರಲ್ಲ ಎಂಬುದೇ ನನಗೆ ಬೆರಗು.

ನನ್ನನ್ನು ಕಾಡಿದ ವಿಷಯ: ಔಷಧಿಯಿಲ್ಲದ ಸ್ಪ್ರೇ ಹಾಕಿಸಿಕೊಂಡ ಗುಂಪಿನ ಅಂಕವೂ ಇಳಿಯುತ್ತದೆ. ನಂಬಿಕೆಯ ಪಾಲು ಎಷ್ಟೋ, ಆದರೆ ಅದೂ ನೀರೇ ತಾನೆ, ಮೂಗನ್ನು ತೊಳೆದು ತೇವ ಮಾಡಿರುತ್ತದೆ. ಜೊತೆಗೆ ಆರೋಗ್ಯವಂತರ ಮೂಗಿನಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ತೆರೆದು ಇನ್ನೊಂದು ಅರೆಮುಚ್ಚುತ್ತದೆ. ಜರ್ಮನಿಯ ಕೈಸರ್ ಎಂಬ ವೈದ್ಯ ಇದನ್ನು 1895ರಲ್ಲಿ ವಿವರಿಸಿದ. ನಮ್ಮ ಸ್ವರಯೋಗದವರು ಇಡಾ, ಪಿಂಗಳಾ ಎಂದು ಗಮನಿಸಿದ್ದು ಅದಕ್ಕೂ ಬಹಳ ಹಿಂದೆ. ತನ್ನಷ್ಟಕ್ಕೆ ತೆರೆಯಲಿದ್ದ ಹೊಳ್ಳೆಗೆ ಯಾವುದೋ ಸ್ಪ್ರೇ ಹಾಕಿ, ಅದಕ್ಕೆ ಕೀರ್ತಿ ಕೊಟ್ಟವರು ಎಷ್ಟು ಮಂದಿಯೋ.

*

ಅಜೆಲಾಸ್ಟಿನ್: ಕಾಲು ಗಂಟೆಯಲ್ಲೇ ತುರಿಕೆ, ಸೀನು ತಗ್ಗಬಹುದು. ಕಹಿ, ಬೇವಿನೆಲೆ ಅಗಿದವರೂ ಮುಖ ಕಿವುಚುವಷ್ಟು. ಇದನ್ನು ಫ್ಲುಟಿಕಾಸೋನ್ ಜೊತೆ ಸೇರಿಸಿ ಒಂದೇ ಬಾಟಲಿ ಮಾಡಿದ್ದು ಸಿಪ್ಲಾ. ಡ್ಯುವೊನೇಸ್ ಹೆಸರಲ್ಲಿ ನಮ್ಮ ಅಂಗಡಿಗಳಲ್ಲಿ ವರ್ಷಗಳಿಂದ ಸಿಗುತ್ತಿದ್ದ ಈ ಜೋಡಿಗೆ ಅಮೆರಿಕದಲ್ಲಿ ಡೈಮಿಸ್ಟಾ ಎಂಬ ಹೆಸರಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಒಲೊಪಟಡಿನ್ ಮತ್ತು ಮೊಮೆಟಸೋನ್ ಸೇರಿದ ಗ್ಲೆನ್‌ಮಾರ್ಕ್‌ನ ರಯಾಲ್ಟ್ರಿಸ್‌ಗೆ ಅಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅಜೆಲಾಸ್ಟಿನ್ ಜೋಡಿಯ ಪ್ರಯೋಗಗಳಲ್ಲಿ, ಎರಡೂ ಔಷಧಿ ಬಿಡಿಬಿಡಿಯಾಗಿ ಕೊಟ್ಟಿದ್ದಕ್ಕಿಂತ ಜೋಡಿಯೇ ಗೆದ್ದಿತು. ಬೇಗ ತಾಗುವುದೂ ನಿಧಾನ ತಾಗುವುದೂ ಒಂದೇ ಬಾಟಲಿಯಲ್ಲಿದ್ದರೆ, ಅತ್ತಿಗೆಯಂಥವರಿಗೆ ಎರಡು ವಾರ ಕಾಯುವ ತಾಳ್ಮೆ ಬರಬಹುದು.

*

ಹಾಕುವ ವಿಧಾನ. ಎಲ್ಲರೂ ತಲೆಯನ್ನು ಹಿಂದಕ್ಕೆ ಚೆಲ್ಲುತ್ತಾರೆ, ಎಣ್ಣೆಯ ಹನಿ ಬಿಡಿಸಿಕೊಂಡ ಅಭ್ಯಾಸವಿರಬೇಕು. ಹಾಗೆ ಹಾಕಿದರೆ ಔಷಧಿ ನೇರ ಗಂಟಲಿಗೆ. ಅಜೆಲಾಸ್ಟಿನ್‌ನ ಕಹಿಯೂ ಅರ್ಧ ಈ ಭಂಗಿಯ ಪ್ರಸಾದ. ತಲೆ ಸ್ವಲ್ಪ ಮುಂದಕ್ಕೆ ಬಾಗಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ಮೂತಿ ತಾನಾಗಿಯೇ ಹೊರಗೋಡೆಯ ಕಡೆ, ಅದೇ ಬದಿಯ ಕಿವಿಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅಲ್ಲಿನ ತೆಳು ಪೊರೆ ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆಯಬಾರದು. ಸ್ಟೆರಾಯ್ಡ್ ಸ್ಪ್ರೇಗಳಲ್ಲಿ ಔಷಧಿ ತಳಕ್ಕಿಳಿದಿರುತ್ತದೆ, ಅಲುಗಿಸದೆ ಹಾಕಿದರೆ ಬರೀ ನೀರು ಬಂದೀತು. ಹೊಸ ಬಾಟಲಿಯನ್ನೂ ಬಹಳ ದಿನ ಬಿಟ್ಟ ಬಾಟಲಿಯನ್ನೂ ಮೊದಲು ಗಾಳಿಗೆ ಕೆಲವು ಸಲ ಒತ್ತಿ, ಸಮನಾಗಿ ತುಂತುರು ಬಂದ ಮೇಲೆ ಮೂಗಿಗೆ.

ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಡಾಕ್ಟರು ಅಂಗಡಿಯವರು ಹೇಳುತ್ತಾರೆ ಅಂದುಕೊಳ್ಳುತ್ತಾರೆ, ಅಂಗಡಿಯವರು ಡಬ್ಬಿಯೊಳಗೆ ಕಾಗದ ಇದೆ ಅಂದುಕೊಳ್ಳುತ್ತಾರೆ.

*

ಉಪ್ಪುನೀರು ಸಾಧು ಪ್ರಾಣಿ. ಪರಾಗ, ಸಿಂಬಳ ತೊಳೆಯುತ್ತದೆ, ಔಷಧಿಗೆ ಮುಂಚೆ ಹಾಕಿದರೆ ದಾರಿ ಸ್ವಚ್ಛ. ಜಲನೇತಿ ಮಾಡುವವರು ನಲ್ಲಿಯ ಅಥವಾ ಬೋರ್‌ವೆಲ್ ನೀರನ್ನು ಹಾಗೇ ಬಳಸಬಾರದು, ಕುದಿಸಿ ಆರಿಸಿದ್ದೇ ಆಗಬೇಕು. ನೆಗ್ಲೇರಿಯಾ ಎಂಬ ಅಮೀಬಾ ಮಿದುಳಿಗೆ ಹೋಗುವುದು ಮೂಗಿನ ದಾರಿಯಲ್ಲೇ. ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ.

*

ಇಷ್ಟೆಲ್ಲ ಗೀಚಿದ ಮೇಲೆ ನನ್ನ ತೀರ್ಪು. ದಿನವೂ ಕಾಡುವ ಅಲರ್ಜಿಗೆ ಡಾಕ್ಟರು ಬರೆದ ಸ್ಟೆರಾಯ್ಡ್ ಸ್ಪ್ರೇ ಮೊದಲು, ಎರಡು ವಾರ ಬಿಡದೆ, ಸರಿಯಾದ ಕೈಯಲ್ಲಿ. ಆ ಎರಡು ವಾರ 12ರ ಅಂಕಪಟ್ಟಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ನೆನಪನ್ನು ನಂಬಬೇಡಿ. ಅಂಕ ಇಳಿಯದಿದ್ದರೆ ಅಜೆಲಾಸ್ಟಿನ್ ಸೇರಿದ ಜೋಡಿಯ ಬಗ್ಗೆ ಡಾಕ್ಟರನ್ನು ಕೇಳಿ. ರಕ್ತನಾಳ ಕುಗ್ಗಿಸುವ ಸ್ಪ್ರೇ ಕೊಳ್ಳುವ ದಿನವೇ ಬಾಟಲಿಯ ಮೇಲೆ ತಾರೀಖು ಬರೆದು, ಐದನೇ ದಿನಕ್ಕೆ ಬಿಸಾಡಿ. ಮೂಗು ಯಾವಾಗಲೂ ಒಂದೇ ಬದಿಯಲ್ಲಿ ಕಟ್ಟುತ್ತಿದ್ದರೆ, ಅದೇ ಬದಿಯಿಂದ ರಕ್ತ ಬರುತ್ತಿದ್ದರೆ ಅಥವಾ ವಾಸನೆಯೇ ತಿಳಿಯದಂತಾಗಿದ್ದರೆ ಸ್ಪ್ರೇ ಹೋಲಿಸುತ್ತ ಕೂರಬೇಡಿ, ಅದೇ ವಾರ ಇಎನ್‌ಟಿ ಡಾಕ್ಟರಿಗೆ ತೋರಿಸಿ.